ಗ್ರೈಂಡರ್ ಅವನಿಗೆ, ವೆಲ್ಡಿಂಗ್ ಸೆಟ್ ನನಗೆ

೨ ಏಪ್ರಿಲ್ ೨೦೦೬, ರವಿವಾರ

ಯುಗಾದಿಯ ಮರುದಿನ ನಾನು, ನಯಾಜ ಬೇರೆಯಾದೆವು. ಬೆಟಗೇರಿಯ ಒಂದೇ ತಗಡಿನ ಚಪ್ಪರದ ಕೆಳಗೆ ಹನ್ನೆರಡು ವರ್ಷ ಕಿಟಕಿ, ಗೇಟು, ಗ್ರಿಲ್ಲು ಮಾಡಿದವರು. ಪಾಲು ಮಾಡಿಕೊಳ್ಳಲು ಅರ್ಧ ತಾಸು ಸಾಕಾಯಿತು. ಅಂಗಡಿ ನನಗೆ, ಯಾಕೆಂದರೆ ಜಾಗ ನಮ್ಮ ಮಾವನವರದು. ವೆಲ್ಡಿಂಗ್ ಸೆಟ್ ನನಗೆ, ಯಾಕೆಂದರೆ ಬೆಸುಗೆ ಹಾಕುವವನು ನಾನು. ಗ್ರೈಂಡರ್ ಅವನಿಗೆ, ಯಾಕೆಂದರೆ ಕಬ್ಬಿಣ ಕತ್ತರಿಸುವವನು ಅವನು. ಅವನು ಕತ್ತರಿಸುವಾಗ ನಾನು ಪೈಪಿನ ಇನ್ನೊಂದು ತುದಿ ಹಿಡಿದು ಕೂಡುತ್ತಿದ್ದೆ. ಹಿಡಿಯುವ ಕೆಲಸಕ್ಕೆ ಯಂತ್ರವಿಲ್ಲ, ಹಾಗಾಗಿ ಪಾಲಿನಲ್ಲಿ ಅದಕ್ಕೇನೂ ಬರಲಿಲ್ಲ.

ಎಲ್ಲ ಆ ಶಾಹಬಾಜನಿಂದ. ನಯಾಜನ ಹೆಂಡತಿಯ ತಮ್ಮ. ಗೋವಾದಲ್ಲಿ ಕೆಲಸ ಹೋಯಿತಂತೆ, ಇಲ್ಲಿಗೆ ಬಂದ. "ನಮ್ಮ ಕೂಡ ಇರ್ಲಿ ಬಿಡಲೇ ಮಾದೇವ, ಮೂರು ಮಂದಿ ಆಗೂಣು" ಅಂದ ನಯಾಜ. ನಾನು, "ಅವನರ ಇರ್ಲಿ, ಇಲ್ಲಾ ನಾನರ ಇರ್ತೀನಿ" ಅಂದೆ. ನಯಾಜ ಚಹಾ ಮುಗಿಸಿ ಗ್ಲಾಸು ಕೆಳಗಿಟ್ಟ. ಆಮೇಲೆ, "ಹಂಗಾರ ಬ್ಯಾರೆ ಆಗೂಣು" ಅಂದುಬಿಟ್ಟ.

ಶಾಹಬಾಜನನ್ನು ಕಳಿಸುತ್ತಾನೆ ಅಂದುಕೊಂಡಿದ್ದೆ.

೫ ಏಪ್ರಿಲ್

ಅವನ ಹೊಸ ಅಂಗಡಿ ನಮ್ಮಿಂದ ನಾಲ್ಕೇ ಅಂಗಡಿ ಆಚೆ. ಬೇರೆ ಓಣಿ ಸಿಗಲಿಲ್ಲವೇನೋ ಪುಣ್ಯಾತ್ಮನಿಗೆ. ನಮ್ಮ ಗ್ರೈಂಡರಿನ ಸದ್ದು ನನಗೆ ಗೊತ್ತು. ಶುರುವಾಗುವಾಗ ಒಮ್ಮೆ ಕೆಮ್ಮಿ, ಆಮೇಲೆ ಒಂದೇ ಸಮ ಹಾಡುತ್ತದೆ. ಬೆಳಗಿನಿಂದ ಎಂಟು ಸಲ ಹಾಡಿತು. ನಾನು ಎಣಿಸಲಿಲ್ಲ, ಕಿವಿಗೆ ಬಿತ್ತು ಅಷ್ಟೇ.

ಉಗುಳುವ ನೆಪದಲ್ಲಿ ಹೊರಗೆ ಬಂದು ನೋಡಿದೆ. ಶಾಹಬಾಜ ಪೈಪು ಹಿಡಿದು ಕುಳಿತಿದ್ದ, ಕಣ್ಣಿಗೆ ನನ್ನ ಕರಿ ಕನ್ನಡಕ. ಸಾಮಾನಿನ ಜೊತೆ ಆ ಕಡೆ ಹೋಗಿತ್ತಂತ ಕಾಣುತ್ತದೆ. ಹೋಟೆಲಿನಿಂದ ಎರಡು ಚಹಾ ಬಂದವು. ಇಬ್ಬರೂ ಏನೋ ಮಾತಾಡಿ ನಕ್ಕರು. ನಯಾಜ ನನ್ನ ಜೊತೆ ಅಷ್ಟು ನಕ್ಕದ್ದು ಕಂಡಿಲ್ಲ.

ಸಂಜೆ ಕಣಗಿನಹಾಳದ ಚನ್ನಬಸವಣ್ಣ ಬಂದರು. ಮನೆ ಕಟ್ಟಿಸುತ್ತಿದ್ದಾರೆ. ಎಂಟು ಕಿಟಕಿ, ಒಂದು ಗೇಟು. ಅಳತೆ ಕೊಟ್ಟು ಅತ್ತಿತ್ತ ನೋಡಿ, "ಕಟ್ ಮಾಡಾವ ನಯಾಜ ಎಲ್ಲಿ? ಅವನ ಕೈ ಅಂದ್ರ ಕೈ. ಜೋಡಸಿದ್ರ ಕೂದಲಾ ಹೋಗಂಗಿಲ್ಲ" ಅಂದರು.

"ಕಟ್ ಮಾಡೂದೇನ್ ದೊಡ್ಡದ್ರಿ ಅಣ್ಣಾರ? ಮಷೀನ್ ಛಲೋ ಇದ್ರ ಯಾರರ ಮಾಡ್ತಾರ" ಅಂದೆ. ಅಂದ ಮೇಲೆ ಛಲೋ ಮಷೀನ್ ಹುಡುಕಲೇಬೇಕು.

೭ ಏಪ್ರಿಲ್

ಗದಗ ಪೇಟೆಯ ಮೌಲಾಸಾಬ ಚಾಚಾನ ಅಂಗಡಿಗೆ ಹೋದೆ. ನಾವಿಬ್ಬರೂ ಮೊದಲಿನಿಂದ ಸಾಮಾನು ತರುವುದು ಅಲ್ಲೇ. ಚಾಚಾ ಮೂರು ಡಬ್ಬಿ ಮುಂದಿಟ್ಟರು. ಒಂದರ ಹೆಸರು ಓದಲೂ ಬರುವುದಿಲ್ಲ, ಬೆಲೆ ಮಾತ್ರ ಬಾಯಲ್ಲಿ ನೀರು ತರಿಸುವಂಥದ್ದು. ಒಂದು ಭಾರಿ ಕಂಪನಿಯದು, ಬೆಲೆ ಕೇಳಿದರೆ ನೀರು ಆರುತ್ತದೆ. ನಡುವಿನದು ನಡುವೆ.

"ಮೂರೂ ಕೈಯಾಗ ಹಿಡಿದು ನೋಡು" ಅಂದರು ಚಾಚಾ. "ಅಗ್ಗದ್ದು ಭಾರ ಕಡಿಮಿ. ಒಳಗ ತಾಮ್ರ ಕಡಿಮಿ ಇದ್ದಂಗ. ದಿನಾ ಪೂರ್ತಿ ನಡಸಿದ್ರ ಕಾಯ್ತೈತಿ. ಭಾರಿ ಕಂಪನಿದು ಹತ್ತು ವರ್ಷ ಬರ್ತೈತಿ, ಖರೆ, ಆದ್ರ ನಿನ್ನ ಕೆಲಸಕ್ಕ ನಡುವಿಂದು ಸಾಕು. ಅದರ ಒಳಗಿನ ಕಾರ್ಬನ್ನು ಸವದ್ರ ಹೊಸದು ನಮ್ಮಲ್ಲೇ ಸಿಗ್ತೈತಿ. ಸುಟ್ರ ಬೆಟಗೇರಿಯೊಳಗ ತಂತಿ ಸುತ್ತಿ ಕೊಡ್ತಾರ. ರಿಪೇರಿ ದೂರ ಇದ್ದ ಮಷೀನ್ ತಗೋಬಾರದು, ತಮ್ಮಾ."

ನಾನು ಎಲ್ಲ ಕೇಳಿಸಿಕೊಂಡು, "ನಯಾಜ ಹೊಸದು ಏನರ ನೋಡಿ ಹೋದನೇನ್ರಿ?" ಅಂದೆ. ಚಾಚಾ ಕನ್ನಡಕದ ಮೇಲಿಂದ ನೋಡಿದರು.

"ನಯಾಜ ನಿನ್ನೆ ಬಂದಿದ್ದ. ನೀ ಬಂದಿದ್ದೇನು ಅಂತ ಕೇಳಿದ" ಅಂದರು.

ನನ್ನ ಮೇಲೆ ಕಣ್ಣಿಟ್ಟಿದ್ದಾನೆ ಅಂತಾಯಿತು. ಏನೂ ಕೊಳ್ಳದೆ ಬಂದೆ.

೧೧ ಏಪ್ರಿಲ್

ಲಕ್ಷ್ಮೇಶ್ವರದಲ್ಲಿ ಒಬ್ಬ ಅಂಗಡಿ ಮುಚ್ಚಿ ಸಾಮಾನು ಮಾರುತ್ತಿದ್ದಾನೆ ಅಂತ ಕೇಳಿ ಬಸ್ಸು ಹತ್ತಿದೆ. ನಯಾಜನ ಹತ್ತಿರ ಇರುವ ಕಂಪನಿಯದೇ ಗ್ರೈಂಡರ್! ಅದೇ ಬಣ್ಣ, ಅದೇ ಗಾತ್ರ, ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ. ಒತ್ತಿದರೆ ಗುಂಯ್ ಅಂತ ತಿರುಗಿತು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಬೇಕಂತಲೇ ನಯಾಜನ ಅಂಗಡಿ ಮುಂದೆ ಹಾಯ್ದು ಬಂದೆ. ಅವನು ಬಾಡಿಗೆಯ ಸೆಟ್ ತಂದು ಬೆಸುಗೆ ಹಾಕುತ್ತಿದ್ದ, ಮುಖದ ಮುಂದೆ ಗಾಜು ಹಿಡಿದಿದ್ದ. ನೋಡಲಿಲ್ಲ.

ಬೆಸುಗೆ ಅಷ್ಟಕ್ಕಷ್ಟೇ. ಮಣ್ಣಿನ ಹುಳ ಹರಿದಂತೆ ಹಾಕಿದ್ದಾನೆ. ನೋಡಿ ಸ್ವಲ್ಪ ಸಮಾಧಾನವಾಯಿತು.

೧೫ ಏಪ್ರಿಲ್

ಹೊಗೆ ಬಂತು. ನಾಲ್ಕು ದಿನಕ್ಕೆ.

ತಂತಿ ಸುತ್ತುವವನು ಬಿಚ್ಚಿ ನೋಡಿ, ಸುಟ್ಟ ಮಷೀನಿಗೆ ವಾರ್ನಿಷ್ ಹೊಡೆದು ಮಾರಿದ್ದಾರೆ ಅಂದ. "ಮೂಸಿ ನೋಡಬೇಕಿಲ್ಲೋ?" ಅಂತ ಕೇಳಿದ. ನಯಾಜ ಯಾವ ಮಷೀನನ್ನೂ ಮೂಸದೆ ತಂದವನಲ್ಲ. ನಾನು ಅದಕ್ಕೆ ನಗುತ್ತಿದ್ದೆ.

೧೯ ಏಪ್ರಿಲ್

ಶಿರಹಟ್ಟಿ, ಮುಂಡರಗಿ ಎರಡೂ ತಿರುಗಿದೆ. ಬಸ್ಸಿನ ಧೂಳು ಕುಡಿದದ್ದು ಬಂತು.

೨೪ ಏಪ್ರಿಲ್

ಕೊನೆಗೆ ಚಾಚಾನ ನಡುವಿನ ಡಬ್ಬಿಯನ್ನೇ ತಂದೆ. ರೇಣುಕಾ ಕುಂಕುಮ ಹಚ್ಚಿ ಕಾಯಿ ಒಡೆದಳು. "ಮೊದಲ ಹೋದ ದಿನಾ ತಂದಿದ್ರ ಲಕ್ಷ್ಮೇಶ್ವರದ ರೊಕ್ಕ ಉಳೀತಿತ್ತಲ್ರಿ" ಅಂತ ಒಂದು ಮಾತು ಸೇರಿಸಿದಳು. ಹೆಂಡತಿ ಅಂದಮೇಲೆ ಕಾಯಿಯ ಜೊತೆ ಅದೂ ಬರಬೇಕಲ್ಲ.

ಮಷೀನನ್ನು ರಸ್ತೆಗೆ ಕಾಣುವಂತೆ ಮುಂದಿನ ಮೇಜಿನ ಮೇಲಿಟ್ಟೆ. ನಯಾಜ ಸೈಕಲ್ ಮೇಲೆ ಹಾಯ್ದ. ನೋಡಿದ. ತಲೆ ಆಡಿಸಿದಂತೆ ಮಾಡಿ ಮುಂದೆ ಹೋದ. ಛಲೋ ಅಂತಲೋ, ಮೋಸ ಹೋದಿ ಅಂತಲೋ? ಒಂದು ಮಾತು ಆಡಿದರೆ ಅವನ ಗಂಟೇನು ಹೋಗುತ್ತಿತ್ತು? ಊಟ ರುಚಿಸಲಿಲ್ಲ.

೬ ಮೇ

ಪೈಪು ಹಿಡಿಯಲು ಹಮ್ಮಿಗಿಯ ಹೊಳೆಯಪ್ಪ ಬರುತ್ತಿದ್ದಾನೆ. ಐವತ್ತು ದಾಟಿದೆ, ಹೊಲದವನು, ಮಳೆ ಬರುವ ತನಕ ಕೆಲಸ ಕೇಳಿಕೊಂಡು ಬಂದ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಾನೆ. ಹೇಳದೇ ಇದ್ದದ್ದನ್ನು ಮಾಡುವುದಿಲ್ಲ.

ಆದರೆ ಕತ್ತರಿಸಿದ್ದೆಲ್ಲ ಓರೆ. ಕಿಟಕಿಯ ಮೂಲೆ ಜೋಡಿಸಿದರೆ ನಡುವೆ ಬೆರಳು ಹೋಗುತ್ತದೆ. ಅದನ್ನು ಬೆಸುಗೆಯಿಂದ ತುಂಬಿ ತುಂಬಿ ರಾಡು ಖಾಲಿ. ನಾನು ಈ ಕಡೆ ಒತ್ತಿದರೆ ಹೊಳೆಯಪ್ಪ ಆ ಕಡೆ ಎತ್ತುತ್ತಾನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತೆ. ಕತ್ತರಿಸುವ ಚಕ್ರ ಪೈಪಿನಲ್ಲಿ ಸಿಕ್ಕಿಕೊಂಡು ಈ ವಾರ ಐದು ಒಡೆದವು.

ಮಷೀನಿನಲ್ಲೇ ದೋಷವಿದೆ. ಆ ಕಡೆ ಹಳೆಯದು ಒಂದೇ ಸಮ ಹಾಡುತ್ತಿದೆ. ಒಳ್ಳೆಯದನ್ನು ಒಳಗೆ ಹಾಕಿಕೊಂಡ ನಯಾಜ.

೯ ಮೇ

ಮಷೀನ್ ತೆಗೆದುಕೊಂಡು ಹೋಗಿ ಚಾಚಾನ ಮುಂದಿಟ್ಟೆ. ಚಾಚಾ ತಮ್ಮ ಗುಮಾಸ್ತ ರಾಮಪ್ಪನನ್ನು ಕರೆದರು, ತಾವೇ ಪೈಪಿನ ತುದಿ ಹಿಡಿದರು. ರಾಮಪ್ಪ ಕತ್ತರಿಸಿದ. ಬೆಣ್ಣೆ ಕೊಯ್ದಂತೆ ಬಂತು. ಗುಂಡಗೆ, ನೆಟ್ಟಗೆ.

"ಮತ್ತ?" ಅಂದರು ಚಾಚಾ.

"ಇಲ್ಲಿ ಬರ್ತೈತ್ರಿ, ಅಲ್ಲಿ ಬರವಲ್ದು."

"ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ. ಚಕ್ರದ ಮ್ಯಾಲಿನ ಗಾರ್ಡ್ ಎಲ್ಲಿ ಹೋತು?"

"ಅಡ್ಡ ಬರ್ತಿತ್ರಿ, ತಗದೀನಿ."

"ಹಾಕ್ಕೋ ಮೊದಲ. ಒಂದು ಮಾತು ಹೇಳ್ಲೇನು, ಮಾದೇವ? ನಯಾಜನ್ನ ಒಮ್ಮೆ ಕರಕೊಂಡು ಬಾ. ನೋಡಿ ಹೇಳ್ತಾನ."

ಸಿಟ್ಟು ನೆತ್ತಿಗೇರಿತು. ಊರಿಗೆಲ್ಲ ನಯಾಜ, ನಯಾಜ. ನಾನೇನು ಹನ್ನೆರಡು ವರ್ಷ ಅಲ್ಲಿ ಶೇಂಗಾ ಸುಲಿಯುತ್ತಿದ್ದೆನೆ? ಚಾಚಾನ ಚಹಾವನ್ನೂ ಕುಡಿಯಲಿಲ್ಲ, ಬಂದಮೇಲೆ ಗಾರ್ಡೂ ಹಾಕಲಿಲ್ಲ.

೨೧ ಮೇ

ನಿನ್ನೆ ಬರೆಯಲಾಗಲಿಲ್ಲ. ಇವತ್ತೂ ಹಾಸಿಗೆಯಲ್ಲೇ ಬರೆಯುತ್ತಿದ್ದೇನೆ.

ನಿನ್ನೆ ಗೇಟಿನ ದಪ್ಪ ಪೈಪು ಕತ್ತರಿಸುತ್ತಿದ್ದೆ, ಹೊಳೆಯಪ್ಪ ಆ ತುದಿ ಹಿಡಿದಿದ್ದ. ಚನ್ನಬಸವಣ್ಣ ಬಂದು ಬಾಗಿಲಲ್ಲಿ ನಿಂತರು. ಮಷೀನಿನ ಗದ್ದಲದಲ್ಲಿ, "ಮುಂದಿನ ಸೋಮವಾರ ಗೇಟ ಹಚ್ಚತೀಯೇನು?" ಅಂತ ಕೂಗಿದರು. ನಾನು ಚಕ್ರದ ಮೇಲಿಂದ ಕಣ್ಣು ತೆಗೆಯದೆ, "ಆತು! ಆತು!" ಅಂತ ಕೂಗಿದೆ. ಆಗಲಿ ಅಂತ ನನ್ನ ಅರ್ಥ.

ಹೊಳೆಯಪ್ಪನಿಗೆ ಮೊದಲ ದಿನವೇ ಹೇಳಿದ್ದೆ: ಕತ್ತರಿಸಿ ಮುಗಿಸಿ ನಾನು 'ಆತು' ಅಂದಮೇಲೆ ಕೈ ಬಿಡು. ಪಾಪ, ಬಿಟ್ಟ. ಪೈಪು ತಿರುಚಿತು, ಚಕ್ರ ಸಿಕ್ಕಿ ಒಡೆಯಿತು, ಒಂದು ತುಂಡು ಬಂದು ಎಡತೊಡೆಗೆ ಹೊಕ್ಕಿತು. ಮಷೀನು ನೆಲಕ್ಕೆ ಬಿದ್ದು ಮೂತಿ ಸೀಳಿತು. ಏಳು ಹೊಲಿಗೆ. ಸ್ವಲ್ಪ ಮೇಲಾಗಿದ್ದರೆ ಹೊಟ್ಟೆ ಅಂದರು ಡಾಕ್ಟರು.

ಹೊಳೆಯಪ್ಪ ಗೋಡೆಗೆ ಒರಗಿ, "ನೀವ ಆತು ಅಂದ್ರೆಲ್ರಿ... ನೀವ ಅಂದ್ರೆಲ್ರಿ..." ಅಂತ ಅದನ್ನೇ ಹೇಳುತ್ತಿದ್ದ. ಸಂಜೆ ಊರಿಗೆ ಹೋದನಂತೆ. ಇನ್ನು ಬರುವುದಿಲ್ಲ. ತಪ್ಪು ಅವನದಲ್ಲ. ನಯಾಜನ ಜೊತೆ ಹನ್ನೆರಡು ವರ್ಷದಲ್ಲಿ ಇಂಥದ್ದೊಂದೂ ಆಗಿರಲಿಲ್ಲ. ಮಷೀನು ಒಳ್ಳೆಯದಿತ್ತು, ಅದಕ್ಕೆ.

೨೨ ಮೇ

ನಯಾಜ ಬಂದ. ದನಿ ಕೇಳಿದ ಕೂಡಲೇ ನಾನು ಗೋಡೆಯ ಕಡೆ ಹೊರಳಿ ನಿದ್ದೆ ಬಂದವನಂತೆ ಮಲಗಿದೆ. ಅವನು ಹಾಸಿಗೆಯ ಹತ್ತಿರ ಬಹಳ ಹೊತ್ತು ನಿಂತ. ಎಬ್ಬಿಸುತ್ತಾನೆ ಅಂದುಕೊಂಡೆ. ಎಬ್ಬಿಸಲಿಲ್ಲ.

ಪಡಸಾಲೆಯಲ್ಲಿ ರೇಣುಕಾಗೆ ಹೇಳುತ್ತಿದ್ದ: "ಅಕ್ಕಾ, ಇದನ್ನ ಇಟ್ಟು ಹೋಗ್ತೀನಿ. ಹಳೇ ಗ್ರೈಂಡರ್. ಅವಗ ಇದ ಬೇಕಾಗಿತ್ತು, ನನಗ ಗೊತ್ತೈತಿ. ನನ್ನ ಕಡೆ ಹದಿನೈದು ದಿನಾ ಬರೇ ಬೆಸುಗಿ ಕೆಲಸ ಐತಿ."

ಹೋದಮೇಲೆ ಎದ್ದು ನೋಡಿದೆ. ಅದೇ. ಗಾರ್ಡಿಗೆ ಹೊಸ ಬೋಲ್ಟ್ ಹಾಕಿ ತಂದಿದ್ದಾನೆ.

ಬಂದದ್ದು ನೋಡಲಿಕ್ಕೋ, ಉಪಕಾರ ಮಾಡಿ ದೊಡ್ಡವನಾಗಲಿಕ್ಕೋ? ಏನೇ ಇರಲಿ, ಮಷೀನು ಈಗ ನನ್ನ ಮನೆಯಲ್ಲಿದೆ. ಹಿಡಿಕಿ ಆಡಿಸುತ್ತ ಕುಳಿತೆ.

೩ ಜೂನ್

ಹೊಲಿಗೆ ಬಿಚ್ಚಿ ನಾಲ್ಕು ದಿನವಾಯಿತು. ಚನ್ನಬಸವಣ್ಣ ದೊಡ್ಡ ಮನಸ್ಸು ಮಾಡಿ ಇನ್ನೊಂದು ವಾರ ಕೊಟ್ಟಿದ್ದಾರೆ. ಆಮೇಲೆ ಕೆಲಸ ನಯಾಜನಿಗೆ ಕೊಡುತ್ತೇನೆ ಅಂತ ಬಾಯಿಬಿಟ್ಟು ಹೇಳಿದರು. ಕಾಲು ಎಳೆಯುತ್ತ ಅಂಗಡಿ ತೆಗೆದೆ. ಹಳೆಯ ಮಷೀನಿನ ಗುಂಡಿ ಒತ್ತಿದೆ. ಕೆಮ್ಮಿತು, ಹಾಡಿತು. ಇನ್ನು ನಾನು ಯಾರಿಗೂ ಕಡಿಮೆ ಇಲ್ಲ ಅನ್ನಿಸಿತು.

ಹಿಡಿಯಲು ರೇಣುಕಾ ಬಂದಳು. ಸೆರಗು ಬಿಗಿದು, ಕನ್ನಡಕ ಹಾಕಿಕೊಂಡು ಕುಳಿತಳು.

ಓರೆ. ಮತ್ತೊಂದು. ಅದೂ ಓರೆ. ಮೂರನೆಯದಕ್ಕೆ ಚಕ್ರ ಸಿಕ್ಕಿತು. ಅದೇ ಮಷೀನು! ನಾನು ಅವಳ ಮೇಲೆ ಹರಿಹಾಯ್ದೆ. "ಹಿಡಿಯಾಕ ಬರಂಗಿಲ್ಲೇನ ನಿನಗ?"

ಅವಳು ಪೈಪು ಕೆಳಗಿಟ್ಟಳು. "ನಯಾಜಣ್ಣಗ ನೀವು ಹೆಂಗ ಹಿಡೀತಿದ್ರಿ, ಹೇಳ್ರಿ. ಹಂಗ ಹಿಡೀತೀನಿ" ಅಂದಳು.

ಹೇಳಲು ಹೋದೆ. ಬಾಯಿಗೆ ಬರಲಿಲ್ಲ. ಕಿಡಿ ಬಿಳಿಯಾದಾಗ ಕೈ ಸ್ವಲ್ಪ ಸಡಿಲ. ಸದ್ದು ತೆಳುವಾದಾಗ ತುದಿಯನ್ನು ಒಂದು ಕೂದಲಿನಷ್ಟು ಕೆಳಗೆ ಬಿಡಬೇಕು, ಆಗ ಸೀಳು ಬಾಯಿ ತೆರೆದು ಚಕ್ರಕ್ಕೆ ದಾರಿ ಕೊಡುತ್ತದೆ. ಎಷ್ಟು ಕೆಳಗೆ, ಯಾವಾಗ? ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಕೈ ತಾನೇ ಇಳಿಯುತ್ತಿತ್ತು.

"ಮಷೀನಿನ ಒಳಗಿಂದು ಏನೋ ಬದಲಿ ಮಾಡ್ಯಾನ ಅವ" ಅಂದೆ. ರೇಣುಕಾ ಎದ್ದು ಮನೆಗೆ ಹೋದಳು.

೪ ಜೂನ್, ರವಿವಾರ

ಮಷೀನ್ ಹೊತ್ತುಕೊಂಡು, ಕುಂಟುತ್ತ, ಜಗಳಕ್ಕೆಂದೇ ಹೋದೆ. ಏನೇನು ಬೈಯಬೇಕು ಅಂತ ದಾರಿಯಲ್ಲೇ ಜೋಡಿಸಿಕೊಂಡಿದ್ದೆ. ನಾಲ್ಕು ಅಂಗಡಿ ದಾರಿ, ಎರಡೇ ಬೈಗುಳ ಸಿದ್ಧವಾದವು.

ನಯಾಜ ಒಳಗೆ ಕೈಗರಗಸದಿಂದ ಪೈಪು ಕೊಯ್ಯುತ್ತಿದ್ದ. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಬರೇ ಬೆಸುಗೆ ಕೆಲಸ ಅಂದಿದ್ದ! ಮೂಲೆಯಲ್ಲಿ ಗೋಣಿಚೀಲ ಹೊದಿಸಿದ ರಾಶಿ. ಕಾಲಿಗೆ ತಾಕಿ ಚೀಲ ಸರಿಯಿತು. ಎಲ್ಲ ಕೆಟ್ಟ ತುಂಡುಗಳು. ಓರೆಯಾದವು, ಹಲ್ಲು ಬಿದ್ದವು, ಸಿಕ್ಕಿ ಸುಟ್ಟವು. ನನ್ನ ರಾಶಿಗಿಂತ ದೊಡ್ಡದು.

"ಇವು ಯಾವಾಗಿನವು?" ಅಂದೆ.

"ಬ್ಯಾರೆ ಆದ ಮರುದಿನದಿಂದ" ಅಂದ. ಗರಗಸ ಕೆಳಗಿಟ್ಟ. "ಒಂದ ಒಂದು ಸೀದಾ ಬಂದಿಲ್ಲಲೇ, ಮಾದೇವ. ಮಂದಿ ನನ್ನ ಕೈ, ನನ್ನ ಕೈ ಅಂತಿದ್ರು. ನಾನೂ ಹಂಗ ತಿಳಕೊಂಡಿದ್ದೆ."

"ದಿನಾ ಹಾಡ್ತಿತ್ತಲ್ಲ ಮಷೀನು?"

"ಹಾಡೂದಕ್ಕೇನು? ಒಂದು ತುಂಡಿಗೆ ಮೂರು ಸಲ ಹಾಡಬೇಕಾಗಿತ್ತು."

ನಗು ಬಂತು. ತಡೆದುಕೊಂಡೆ. ಇವನಿಗೆ ಹೀಗಾದದ್ದಕ್ಕೆ ಖುಷಿಯಾಯಿತು, ಸುಳ್ಳು ಯಾಕೆ ಬರೆಯಲಿ. ಆದರೆ ಖುಷಿ ಬಹಳ ಹೊತ್ತು ನಿಲ್ಲಲಿಲ್ಲ. ಅವನ ಅಂಗೈಯಲ್ಲಿ ಗರಗಸದ ಗುಳ್ಳೆ ಒಡೆದಿತ್ತು.

"ನಮ್ಮಿಬ್ಬರ ನಡುವ 'ಆತು' ಅನ್ನೂ ಮಾತ ಇರ್ಲಿಲ್ಲ" ಅಂದ ನಯಾಜ. "ನಿನ್ನ ಕೈ ಇಳದ್ರ ನಂಗ ತಿಳೀತಿತ್ತು. ನಿನಗ ಪೆಟ್ಟಾದ ದಿನಾ ಮನಿಗೆ ಹೋಗಿ ಉಂಡಿಲ್ಲ ನಾನು."

ನೆಲದ ಮೇಲಿದ್ದ ಪೈಪಿನ ತುದಿ ಎತ್ತಿ ಹಿಡಿದು ಕುಳಿತೆ. ಅವನು ಗ್ರೈಂಡರ್ ತೆಗೆದುಕೊಂಡ. ಒಂದೇ ಹಾಡು. ತುಂಡು ಕೈಗೆ ಬಂದಾಗ ಇಬ್ಬರೂ ಅದರ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿದೆವು. ಕೂದಲು ಹೋಗುವುದಿಲ್ಲ.

ಅಷ್ಟರಲ್ಲಿ ಶಾಹಬಾಜ ಚಹಾ ಹಿಡಿದು ಬಂದ. ಎರಡೇ ಗ್ಲಾಸು. ತನ್ನ ಜಾಗದಲ್ಲಿ ನನ್ನನ್ನು ನೋಡಿದ. ಎರಡೂ ಗ್ಲಾಸು ನಮ್ಮ ಹತ್ತಿರ ಇಟ್ಟು, ಹಿಂದೆ ಹೋಗಿ, ಗೋಡೆ ಕಡೆ ಮುಖ ಮಾಡಿ ಕನ್ನಡಕ ಒರೆಸುತ್ತ ನಿಂತ. ನಯಾಜ ನೋಡಲಿಲ್ಲ. ನಾನು ನೋಡಿದೆ. ಆ ನಿಲುವು ನನಗೆ ಗೊತ್ತಿಲ್ಲವೆ?

ಚಹಾ ಆರಿತು. ನನ್ನದು ನಾನು ಕುಡಿಯಲಿಲ್ಲ.

೧೦ ಜೂನ್

ಕಣಗಿನಹಾಳಕ್ಕೆ ಹೋಗಿ ಗೇಟು ಹಚ್ಚಿ ಬಂದೆವು. ಚನ್ನಬಸವಣ್ಣ ಮೂಲೆ ಮೂಲೆಗೆ ಬೆರಳಾಡಿಸಿ, "ನಯಾಜನ ಕೈ" ಅಂದರು. ನಯಾಜ ನನ್ನ ಕಡೆ ತೋರಿಸಿ, "ಹಿಡದಾವ ಇವ್ರೀ" ಅಂದ. ಅವರಿಗೆ ತಿಳಿಯಲಿಲ್ಲ. ತಿಳಿಯದಿದ್ದರೂ ಅಡ್ಡಿಯಿಲ್ಲ.

ಕೆಲಸ ಹೆಚ್ಚಿದೆ. ಬೆಳಿಗ್ಗೆ ಒಂದು ತಾಸು ಶಾಹಬಾಜನಿಗೆ ಹಿಡಿಯುವುದನ್ನು ತೋರಿಸುತ್ತಿದ್ದೇನೆ. ಬಾಯಿಂದ ಹೇಳಲು ಬರುವುದಿಲ್ಲ, ಅವನ ಕೈಯ ಮೇಲೆ ನನ್ನ ಕೈ ಇಟ್ಟು ಇಳಿಸುತ್ತೇನೆ. ಪ್ರೀತಿಯಿಂದೇನಲ್ಲ. ದಡ್ಡ ಇನ್ನಷ್ಟು ಚಕ್ರ ಒಡೆದರೆ ನಷ್ಟ ನಮ್ಮದೇ.

೧೭ ಜೂನ್

ಎರಡು ಅಂಗಡಿಗೂ ಸೇರಿ ಇನ್ನೊಂದು ಮಷೀನ್ ಬೇಕಾಯಿತು. ಮೌಲಾಸಾಬ ಚಾಚಾ ಮತ್ತೆ ಮೂರು ಡಬ್ಬಿ ಇಟ್ಟರು. ನಯಾಜ ಒಂದೊಂದನ್ನೇ ಮೂಸಿದ, ತೂಗಿದ, ಗುಂಡಿ ಒತ್ತಿ ಕಿವಿ ಕೊಟ್ಟ. ಕೊನೆಗೆ ನಡುವಿನದನ್ನೇ ಮುಂದೆ ಸರಿಸಿದ. ಏಪ್ರಿಲಿನಲ್ಲಿ ನಾನು ತಂದಿದ್ದ ಕಂಪನಿಯದೇ.

"ಇದು ಛಲೋ ಇತ್ತೇನು?" ಅಂದೆ.

"ಅವತ್ತ ಸೈಕಲ್ ಮ್ಯಾಲಿಂದ ನೋಡಿ ತಲಿ ಆಡಿಸಿದ್ನೆಲ್ಲೋ, ಛಲೋ ತಂದಿ ಅಂತ."

ಬಾಯಿಬಿಟ್ಟು ಹೇಳಲು ಏನಾಗಿತ್ತು ಧಾಡಿ ಅಂತ ಅಲ್ಲೇ ನಾಲ್ಕು ಮಾತು ಅಂದೆ. ಚಾಚಾ ನಗುತ್ತ ಗ್ಯಾರಂಟಿ ಕಾರ್ಡು ತೆಗೆದು, "ಹೆಸರು ಯಾರದು ಬರೀಲಿ?" ಅಂದರು. ನಯಾಜ ನನ್ನ ಮುಖ ನೋಡಿದ. ಇಬ್ಬರದೂ ಬರೀರಿ ಅಂದೆ. ಬರೆದರು.

ಹೊರಗೆ ಶಾಹಬಾಜ ಗಾಡಿ ಹಿಡಿದು ನಿಂತಿದ್ದ. ಒಳಗೆ ಬಾ ಅಂತ ಯಾರೂ ಕರೆದಿರಲಿಲ್ಲ. ಡಬ್ಬಿಯ ಕಡೆ ನೋಡುತ್ತಿದ್ದ, ನಾವು ನೋಡಿದಾಗ ರಸ್ತೆ ಕಡೆ ನೋಡಿದ.

"ಚಾಚಾ, ಅದರಾಗ ಇನ್ನೊಂದು ಹೆಸರು ಹಿಡಿಸ್ತೈತೇನ್ರಿ?" ಅಂದೆ.

ಚಾಚಾ ಸಣ್ಣ ಅಕ್ಷರದಲ್ಲಿ ಬರೆದರು. ನಯಾಜ ಆ ಕಡೆ ತಿರುಗಿ ಕರ್ಚೀಫಿನಿಂದ ಮುಖ ಒರೆಸಿಕೊಂಡ. ಅಂಗಡಿಯೊಳಗೆ ಸೆಕೆ ಬಹಳ ಇತ್ತು.

ಮನೆಯಲ್ಲಿ ರೇಣುಕಾ ಕಾರ್ಡನ್ನು ಎರಡು ಸಲ ಓದಿದಳು, ನನ್ನನ್ನು ಒಂದು ಸಲ ನೋಡಿದಳು. ನಾನೇ ಹೇಳಿದೆ: ಗ್ಯಾರಂಟಿ ಆರು ತಿಂಗಳು, ಮಷೀನು ಕೆಟ್ಟರೆ ಪೇಟೆಗೆ ಓಡಾಡಲು ಒಬ್ಬರು ಬೇಕಲ್ಲ, ನನ್ನ ಕಾಲಂತೂ ಹೀಗಾಗಿದೆ. ಓಡಾಡಲಿ ಅವನೇ.